ಸೋತ ಎಲೆ ತೋರಿಸಲೇಬೇಕಾ?

ಮನೆಯಲ್ಲಿ ಹಬ್ಬದ ದಿನ ಊಟ ಮುಗಿಸಿ ಚಾಪೆ ಹಾಸಿ ರಮ್ಮಿ ಆಡಿದವರಿಗೆಲ್ಲ ಒಂದು ನಿಯಮ ಗೊತ್ತೇ ಇರುತ್ತೆ. ಯಾರೋ ಒಬ್ಬರು ‘ಡಿಕ್ಲೇರ್’ ಅಂದರೆ ಮುಗೀತು, ಉಳಿದವರೆಲ್ಲ ಕೈಯಲ್ಲಿರೋ ಎಲೆ ಬಿಚ್ಚಿ ಹರಡಬೇಕು. ರಾಜ, ರಾಣಿ, ಗುಲಾಮ, ಎಕ್ಕ ತಲಾ ಹತ್ತು ಪಾಯಿಂಟು. ಒಂದು ಪ್ಯೂರ್ ಸೀಕ್ವೆನ್ಸೂ ಕೂಡಿಸಿಲ್ಲ ಅಂದರೆ ಎಲ್ಲ ಎಲೆಯೂ ಲೆಕ್ಕಕ್ಕೆ ಬಂದು 80ರವರೆಗೂ ಏರುತ್ತೆ. ಅಷ್ಟರಲ್ಲಿ ಪಕ್ಕದಲ್ಲಿ ಕೂತವರು ಬಗ್ಗಿ ನೋಡಿ, “ಅಯ್ಯೋ, ಆ ಜೋಕರ್ ಇಟ್ಕೊಂಡು ಇಷ್ಟೊತ್ತು ಏನ್ ಮಾಡ್ತಿದ್ರಿ?” ಅಂತ ಶುರು ಮಾಡಿರ್ತಾರೆ. ಸೋತವರ ಕೈ ಎಲ್ಲರ ಸ್ವತ್ತು. ಯಾರಿಗೂ ಅದು ತಪ್ಪು ಅನ್ನಿಸೋದಿಲ್ಲ, ಯಾಕೆಂದರೆ ಎಲೆ ಬಿಚ್ಚದೆ ಪಾಯಿಂಟ್ ಎಣಿಸೋಕೆ ಆಗೋದೇ ಇಲ್ಲ.

ಕ್ಯಾಸಿನೋದ ಪೋಕರ್ ಟೇಬಲ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಸೋತವರು ಎಲೆಯನ್ನು ಮುಖ ಕೆಳಗೆ ಮಾಡಿ ಡೀಲರ್ ಕಡೆ ತಳ್ಳಿದರೆ ಆಯಿತು. ಏನಿತ್ತು ಅಂತ ಹೇಳಬೇಕಾಗಿಲ್ಲ. ಕೇಳೋದು ಅಸಭ್ಯ. ಆದರೆ ಕೇಳೋ ಹಕ್ಕು ಕೆಲವರಿಗೆ, ಕೆಲವು ಸಂದರ್ಭದಲ್ಲಿ ಇದೆ. ಈ ಹಕ್ಕು ಮತ್ತು ಸಭ್ಯತೆ ನಡುವಿನ ಎಳೆದಾಟ ನನಗೆ ಸರಿಯಾಗಿ ಅರ್ಥವಾಗಿದ್ದು ನಮ್ಮ ಚಿಕ್ಕಪ್ಪ ಅಮೆರಿಕಕ್ಕೆ ಬಂದಾಗ.

ನಾನಿರೋದು ಅರಿಜೋನಾದ ಫೀನಿಕ್ಸ್ ಹತ್ತಿರ. ಲಾಸ್ ವೇಗಸ್‌ಗೆ ಕಾರಿನಲ್ಲಿ ಸುಮಾರು ಐದು ಗಂಟೆ. ವರ್ಷಕ್ಕೆ ಎರಡು ಸಲ ಆಫೀಸಿನ ಇಬ್ಬರು ಗೆಳತಿಯರ ಜೊತೆ ಹೋಗ್ತೀನಿ, 300 ಡಾಲರ್ ಬೇರೆ ಕವರ್‌ನಲ್ಲಿ ಹಾಕಿ ತಗೊಂಡು ಹೋಗ್ತೀನಿ. ಅದು ಖಾಲಿಯಾದರೆ ಎದ್ದು ಬರ್ತೀನಿ. ಇನ್ನೊಂದು ಕವರ್ ಇರೋದಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕೆಂದರೆ ಊರಿನಲ್ಲಿ ನಾನು ಜೂಜಾಡ್ತೀನಿ ಅಂತ ಗೊತ್ತಾದಾಗ ಅಮ್ಮ ಎರಡು ವಾರ ಸರಿಯಾಗಿ ಮಾತಾಡಿರಲಿಲ್ಲ.

ಚಿಕ್ಕಪ್ಪ ಹಾಸನದಲ್ಲಿ ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು. ರಮ್ಮಿಯಲ್ಲಿ ನಮ್ಮ ಮನೆತನಕ್ಕೇ ಹುಲಿ. ಇಲ್ಲಿಗೆ ಬಂದ ಮೂರನೇ ವಾರ ಬೋರ್ ಹೊಡೆದು, “ಪುಟ್ಟಿ, ಅದೇನೋ ಪೋಕರ್ ಆಡ್ತೀಯಂತಲ್ಲ, ನಂಗೂ ಹೇಳ್ಕೊಡೇ” ಅಂದರು. ಆಟ ಕಲಿಸೋಕೆ ಒಂದು ಸಂಜೆ ಸಾಕಾಯ್ತು. ಒಬ್ಬೊಬ್ಬರಿಗೆ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ, ಈ ಏಳರಲ್ಲಿ ಒಳ್ಳೆಯ ಐದು ಯಾರದ್ದೋ ಅವರಿಗೆ ದುಡ್ಡು. ಬ್ಯಾಂಕಿನವರಿಗೆ ಇದೇನು ಕಷ್ಟ? ಕಷ್ಟ ಆಗಿದ್ದು ಎಲೆ ತೋರಿಸೋ ನಿಯಮ.

“ಸೋತೋನು ತೋರಿಸಲ್ಲ ಅಂದ್ರೆ ಮೋಸ ಮಾಡಿಲ್ಲ ಅಂತ ಹೇಗೆ ಗೊತ್ತಾಗುತ್ತೆ?” ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳೋಕೆ ಮೊದಲು ನಿಯಮಗಳನ್ನು ಒಂದೊಂದಾಗಿ ಹೇಳಬೇಕಾಯ್ತು. ನಿಮಗೂ ಹೇಳ್ತೀನಿ.

ಕೊನೆಯ ಸುತ್ತಿನಲ್ಲಿ ಯಾರು ಕೊನೆಯದಾಗಿ ಪಣ ಕಟ್ಟಿದರೋ ಅಥವಾ ಏರಿಸಿದರೋ ಅವರು ಮೊದಲು ಎಲೆ ತೋರಿಸಬೇಕು. ಆ ಸುತ್ತಿನಲ್ಲಿ ಯಾರೂ ದುಡ್ಡು ಹಾಕದೆ ‘ಚೆಕ್’ ಅಂದಿದ್ದರೆ, ಡೀಲರ್ ಬಟನ್‌ನ ಎಡಗಡೆಯಿಂದ ಆಟದಲ್ಲಿ ಉಳಿದಿರೋ ಮೊದಲಿಗರು ಶುರು ಮಾಡ್ತಾರೆ. ಆಮೇಲೆ ವರಸೆಯಾಗಿ ಒಬ್ಬೊಬ್ಬರು. ಎದುರಿಗೆ ಬಿದ್ದಿರೋ ಎಲೆ ತಮ್ಮದಕ್ಕಿಂತ ದೊಡ್ಡದು ಅಂತ ಕಂಡರೆ ತೋರಿಸದೇ ಬಿಟ್ಟುಕೊಡಬಹುದು. ಹಾಗೆ ಬಿಟ್ಟ ಎಲೆಗಳ ರಾಶಿಗೆ ‘ಮಕ್’ ಅಂತಾರೆ. ಮಕ್ ಸೇರಿದ ಎಲೆ ಸತ್ತ ಹಾಗೆ. ಆಮೇಲೆ “ಅಯ್ಯೋ ನಂದೇ ದೊಡ್ಡದಿತ್ತು” ಅಂದರೆ ಪ್ರಯೋಜನ ಇಲ್ಲ.

ಗೆದ್ದವರಿಗೆ ಈ ಸ್ವಾತಂತ್ರ್ಯ ಇಲ್ಲ. ಕೊನೆಯವರೆಗೂ ಎದುರಾಳಿ ಉಳಿದಿದ್ದರೆ, ದುಡ್ಡು ಬೇಕು ಅನ್ನೋರು ಎರಡೂ ಎಲೆ ಮುಖ ಮೇಲೆ ಮಾಡಿ ಟೇಬಲ್ ಮೇಲೆ ಇಡಬೇಕು. ಒಂದೇ ಎಲೆಯಿಂದ ಜೋಡಿ ಆಗಿದ್ದರೂ ಎರಡನ್ನೂ ತೋರಿಸಬೇಕು. ಇನ್ನೊಂದು, ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಟೇಬಲ್ ಮೇಲೆ ಬಿದ್ದಿರೋ ಎಲೆ ಏನು ಹೇಳುತ್ತೋ ಅದೇ ಲೆಕ್ಕ. ನೀವು “ನಂದು ಬರೀ ಒಂದು ಜೋಡಿ” ಅಂತ ಬೇಜಾರಲ್ಲಿ ಎಲೆ ಬಿಚ್ಚಿಟ್ಟರೂ ಅದರಲ್ಲಿ ಫ್ಲಶ್ ಇದ್ದರೆ ಡೀಲರ್ ದುಡ್ಡನ್ನು ನಿಮ್ಮ ಕಡೆಗೇ ತಳ್ಳಬೇಕು.

ತೀನ್ ಪತ್ತಿ ಆಡಿದವರಿಗೆ ಇನ್ನೊಂದು ಅಂಶ ಬೇಗ ಅರ್ಥವಾಗುತ್ತೆ. ಅಲ್ಲಿ ಕೊನೆಗೆ ಇಬ್ಬರು ಉಳಿದಾಗ ‘ಶೋ’ ಬೇಕು ಅಂದವರು ದುಡ್ಡು ಹಾಕಬೇಕು. ಪೋಕರ್‌ನಲ್ಲೂ ಇದೇ ತರ್ಕ. ಕೊನೆಯ ಪಣಕ್ಕೆ ಸಮನಾಗಿ ದುಡ್ಡು ಹಾಕಿದವರು ಎದುರಿನವರ ಎಲೆ ನೋಡೋಕೆ ಬೆಲೆ ಕೊಟ್ಟ ಹಾಗೆ. ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಅಂತ 2001ರಲ್ಲಿ ಶುರುವಾದ ಸಂಸ್ಥೆಯೊಂದು ಟೂರ್ನಮೆಂಟ್‌ಗಳ ನಿಯಮಗಳನ್ನು ಒಂದೇ ರೀತಿ ಮಾಡೋಕೆ ಕೆಲಸ ಮಾಡ್ತಾ ಬಂದಿದೆ. ಅವರ ನಿಯಮದಲ್ಲೂ ಇದು ಸ್ಪಷ್ಟವಾಗಿದೆ. ಕೊನೆಯ ಸುತ್ತಿನಲ್ಲಿ ಪಣ ಕಟ್ಟಿದವರ ಎಲೆಯನ್ನು, ಅದಕ್ಕೆ ದುಡ್ಡು ಹಾಕಿದವರು ಕೇಳಿ ನೋಡಬಹುದು. ಒಂದೇ ಷರತ್ತು, ಕೇಳೋರು ತಮ್ಮ ಎಲೆಯನ್ನು ಅಷ್ಟರಲ್ಲಿ ಬಿಸಾಕಿರಬಾರದು. ಬೇರೆ ಯಾರು ಕೇಳಿದರೂ ತೋರಿಸೋದು ಬಿಡೋದು ಅಧಿಕಾರಿಯ ವಿವೇಚನೆಗೆ ಬಿಟ್ಟಿದ್ದು.

ದಿನನಿತ್ಯದ ಕ್ಯಾಶ್ ಆಟಗಳಲ್ಲಿ ಹಳೇ ರೂಢಿ ಇನ್ನೂ ಸಡಿಲ. ಬಾಬ್ ಸಿಯಾಫೋನ್ ಅನ್ನೋರು ಸಂಕಲಿಸಿದ ‘ರಾಬರ್ಟ್ಸ್ ರೂಲ್ಸ್ ಆಫ್ ಪೋಕರ್’ ಅನ್ನೋ ನಿಯಮಾವಳಿಯನ್ನು ಎಷ್ಟೋ ಕಡೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅದರ ಪ್ರಕಾರ, ಆ ಆಟದಲ್ಲಿ ಎಲೆ ಪಡೆದ ಯಾರೇ ಆಗಲಿ, ಕೊನೆಯವರೆಗೂ ಉಳಿದು ಸೋತವರ ಎಲೆ ತೋರಿಸಿ ಅಂತ ಕೇಳಬಹುದು. ಆದರೆ ಇದು ಸವಲತ್ತು ಮಾತ್ರ. ದುರುಪಯೋಗ ಮಾಡಿದರೆ ಕಿತ್ತುಕೊಳ್ಳಬಹುದು ಅಂತಲೂ ಅದರಲ್ಲೇ ಬರೆದಿದೆ. ಈಗ ಕೆಲವು ಕ್ಯಾಸಿನೋಗಳು ಕೇಳಿದವರಿಗೆ ತೋರಿಸ್ತವೆ, ಕೆಲವು ‘ಅನುಮಾನಕ್ಕೆ ಕಾರಣ ಏನು’ ಅಂತ ಕೇಳ್ತವೆ.

ಅನುಮಾನ ಅಂದರೆ ಯಾವುದರ ಬಗ್ಗೆ? ಚಿಕ್ಕಪ್ಪ ಕೇಳಿದ್ದರಲ್ಲ, ಮೋಸ ಹೇಗೆ ಗೊತ್ತಾಗುತ್ತೆ ಅಂತ, ಉತ್ತರ ಇಲ್ಲೇ ಇರೋದು. ಇಬ್ಬರು ಒಳಗೊಳಗೇ ಒಂದಾಗಿ ಕೂತಿದ್ದಾರೆ ಅಂದುಕೊಳ್ಳಿ. ಒಬ್ಬರಿಗೆ ಒಳ್ಳೆ ಎಲೆ ಬಂದಿದೆ, ಇನ್ನೊಬ್ಬರಿಗೆ ಏನೂ ಇಲ್ಲ. ಏನೂ ಇಲ್ಲದವರು ಸುಮ್ಮಸುಮ್ಮನೆ ಪಣ ಏರಿಸ್ತಾ ಹೋದರೆ ಮಧ್ಯದಲ್ಲಿ ಸಿಕ್ಕಿಬಿದ್ದ ಮೂರನೆಯವರು ಹೆಚ್ಚು ದುಡ್ಡು ಹಾಕಬೇಕಾಗುತ್ತೆ, ಇಲ್ಲವೇ ಹೆದರಿ ಬಿಟ್ಟುಹೋಗ್ತಾರೆ. ಕೊನೆಗೆ ಆ ಪಾಲುದಾರರು ತಮ್ಮ ಕೆಲಸಕ್ಕೆ ಬಾರದ ಎಲೆಯನ್ನು ಮುಖ ಕೆಳಗೆ ಮಾಡಿ ತಳ್ಳಿಬಿಟ್ಟರೆ ಯಾರಿಗೂ ಏನೂ ಗೊತ್ತಾಗಲ್ಲ. ಈ ಕಳ್ಳತನ ಹಿಡಿಯೋಕೆ ಅಂತಲೇ ‘ಆ ಎಲೆ ನೋಡಬೇಕು’ ಅನ್ನೋ ಹಕ್ಕು ಹುಟ್ಟಿದ್ದು. ಎದುರಿನವರು ಹೇಗೆ ಆಡ್ತಾರೆ ಅಂತ ಪುಕ್ಕಟೆ ತಿಳ್ಕೊಳ್ಳೋಕೆ ಅಲ್ಲ.

ಇಷ್ಟೆಲ್ಲ ಪಾಠ ಕೇಳಿಸಿಕೊಂಡೇ ಚಿಕ್ಕಪ್ಪ ವೇಗಸ್‌ಗೆ ಬಂದಿದ್ದು. ಸಣ್ಣ ಟೇಬಲ್, ಬ್ಲೈಂಡ್ ಒಂದು ಮತ್ತು ಮೂರು ಡಾಲರ್. ಇಬ್ಬರಿಗೂ ಒಂದೇ ಟೇಬಲ್‌ನಲ್ಲಿ ಜಾಗ ಸಿಕ್ಕಿತು. ನೆಂಟರು ಒಟ್ಟಿಗೆ ಕೂರಬಾರದು ಅಂತೇನಿಲ್ಲ, ಆದರೆ ಪ್ರತಿಯೊಬ್ಬರೂ ತಮಗೋಸ್ಕರ ಆಡಬೇಕು. ಇನ್ನೊಂದು ನಿಯಮವನ್ನೂ ಕಾರಿನಲ್ಲೇ ಹೇಳಿದ್ದೆ: ಎಲೆ ಹಂಚಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡೋ ಹಾಗಿಲ್ಲ. ಚಿಕ್ಕಪ್ಪ ಅದನ್ನು ಶಿಸ್ತಾಗಿ ಪಾಲಿಸಿದರು. ಒಂದು ಆಟ ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಮಾತ್ರ, “ಕಾಫಿ ಸಿಗುತ್ತೇನೇ ಇಲ್ಲಿ?” ಅಂತ ಕನ್ನಡದಲ್ಲಿ ಕೇಳ್ತಿದ್ದರು. ಸಾಲದ್ದಕ್ಕೆ ಇಬ್ಬರೂ ಒಂದೇ ಕಡೆಯವರು ಅಂತ ಮುಖ ನೋಡಿದರೇ ಗೊತ್ತಾಗ್ತಿತ್ತು.

ಸುಮಾರು ಒಂದು ಗಂಟೆ ಆದ ಮೇಲೆ ಬಂತು ಆ ಆಟ. ಬೇಸ್‌ಬಾಲ್ ಟೋಪಿ ಹಾಕಿದ್ದ ಒಬ್ಬರು ಹತ್ತು ಡಾಲರ್‌ಗೆ ಏರಿಸಿದರು. ನನ್ನ ಕೈಯಲ್ಲಿ ಎರಡು ಒಂಬತ್ತು, ನಾನೂ ಹತ್ತು ಹಾಕಿದೆ. ಮೂರು ಡಾಲರ್ ಆಗಲೇ ಕಟ್ಟಿದ್ದ ಚಿಕ್ಕಪ್ಪ ಉಳಿದ ಏಳು ಹಾಕಿ ಒಳಗೆ ಬಂದರು. ಮಧ್ಯದಲ್ಲಿ ಮೂರು ಎಲೆ ಬಿತ್ತು: ರಾಜ, ಒಂಬತ್ತು, ನಾಲ್ಕು. ಚಿಕ್ಕಪ್ಪ 15 ಅಂದರು. ಟೋಪಿಯವರೂ 15 ಹಾಕಿದರು. ನನಗೆ ಮೂರು ಒಂಬತ್ತು ಆಗಿತ್ತು, 50ಕ್ಕೆ ಏರಿಸಿದೆ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು 120 ಅಂದರು. ಟೋಪಿಯವರು ನನ್ನನ್ನೊಮ್ಮೆ, ಚಿಕ್ಕಪ್ಪನನ್ನೊಮ್ಮೆ ನೋಡಿ, ತುಂಬ ಹೊತ್ತು ಯೋಚನೆ ಮಾಡಿ ಎಲೆ ಬಿಸಾಕಿದರು. ನಾನು 120ಕ್ಕೆ ಸಮ ಮಾಡಿದೆ.

ನಾಲ್ಕನೇ ಎಲೆ ಎರಡು. ಇಬ್ಬರೂ ಚೆಕ್. ಐದನೆಯದು ಏಳು. ಚಿಕ್ಕಪ್ಪ ಚೆಕ್ ಅಂದರು, ನಾನು 100 ಕಟ್ಟಿದೆ, ಅವರೂ 100 ಹಾಕಿದರು. ಕೊನೆಗೆ ಪಣ ಕಟ್ಟಿದ್ದು ನಾನು, ಹಾಗಾಗಿ ನಾನೇ ಮೊದಲು ತೋರಿಸಿದೆ. ಮೂರು ಒಂಬತ್ತು ನೋಡಿ ಚಿಕ್ಕಪ್ಪ ತಲೆ ಆಡಿಸಿ, ನಾನು ಹೇಳಿಕೊಟ್ಟ ಹಾಗೆಯೇ ಎರಡು ಎಲೆಯನ್ನು ಮುಖ ಕೆಳಗೆ ಮಾಡಿ ನಯವಾಗಿ ಡೀಲರ್ ಕಡೆ ಸರಿಸಿದರು. ಮಧ್ಯದಲ್ಲಿ ಹತ್ತಿರ ಹತ್ತಿರ 490 ಡಾಲರ್ ಇತ್ತು.

ಆಗ ಟೋಪಿಯವರು ಗಟ್ಟಿ ದನಿಯಲ್ಲಿ, ಆ ಎಲೆ ನೋಡಬೇಕು ಅಂದರು.

ಟೇಬಲ್ ಒಂದು ಕ್ಷಣ ತಣ್ಣಗಾಯ್ತು. ಅವರು ಯಾಕೆ ಕೇಳ್ತಿದ್ದಾರೆ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಒಂದೇ ಮನೆಯವರ ಹಾಗೆ ಕಾಣೋ ಇಬ್ಬರು, ಆಗಾಗ ಅರ್ಥವಾಗದ ಭಾಷೆ, ಮಧ್ಯದಲ್ಲಿ ಸಿಕ್ಕಿಬಿದ್ದ ಮೂರನೆಯವರು, ಕೊನೆಗೆ ಮುಚ್ಚಿದ ಎಲೆ. ಅವರ ಜಾಗದಲ್ಲಿ ಕೂತು ನೋಡಿದರೆ ಪುಸ್ತಕದಲ್ಲಿ ಹೇಳಿರೋ ಲಕ್ಷಣವೆಲ್ಲ ಸರಿಯಾಗಿ ಕೂರ್ತಿತ್ತು.

ಡೀಲರ್ ಐವತ್ತು ದಾಟಿದ ಹೆಂಗಸು. ಮುಖದಲ್ಲಿ ಏನೂ ತೋರಿಸದೆ ಚಿಕ್ಕಪ್ಪನ ಎರಡು ಎಲೆ ತಗೊಂಡು ಮೊದಲು ಮಕ್ ರಾಶಿಗೆ ತಾಗಿಸಿದರು. ಈ ಎಲೆ ಸತ್ತಿದೆ, ಇನ್ನು ಇದು ಗೆಲ್ಲೋಕೆ ಸಾಧ್ಯವಿಲ್ಲ ಅಂತ ಅದರ ಅರ್ಥ. ಇದೇ ಮಾತನ್ನು ಗೆದ್ದವಳಾದ ನಾನು ಕೇಳಿದ್ದರೆ ಆ ಎಲೆಗೆ ಜೀವ ಇರ್ತಿತ್ತು, ಅದೇ ದೊಡ್ಡದಾಗಿದ್ದರೆ ದುಡ್ಡು ಅವರ ಪಾಲಾಗ್ತಿತ್ತು. ಗೆದ್ದವರು ಕುತೂಹಲಕ್ಕೆ ಕೇಳದಿರಲಿ ಅಂತಲೇ ಈ ಕೊಕ್ಕೆ. ಆಮೇಲೆ ಡೀಲರ್ ಎಲೆ ತಿರುಗಿಸಿದರು. ರಾಜ ಮತ್ತು ನಾಲ್ಕು. ಎರಡು ಜೋಡಿ. ಯಾರೇ ಆದರೂ ಪಣ ಏರಿಸೋ ಎಲೆ.

ಟೋಪಿಯವರು ನೋಡಿದರು, ತಲೆ ಆಡಿಸಿದರು, “ಚೆನ್ನಾಗಿ ಆಡಿದಿರಿ ಸರ್” ಅಂತ ಚಿಕ್ಕಪ್ಪನಿಗೆ ಇಂಗ್ಲಿಷಲ್ಲಿ ಹೇಳಿದರು. ಅಲ್ಲಿಗೆ ವಿಷಯ ಮುಗಿಯಿತು. ಆಮೇಲೆ ಎರಡು ಗಂಟೆ ಅವರು ಇನ್ನೊಂದು ಸಲವೂ ಯಾರ ಎಲೆಯನ್ನೂ ಕೇಳಲಿಲ್ಲ.

ಚಿಕ್ಕಪ್ಪನಿಗೆ ಮಾತ್ರ ಮುಗಿದಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅನ್ನ ಕಲಸ್ತಾ, “ನಲವತ್ತು ವರ್ಷ ಬ್ಯಾಂಕಲ್ಲಿ ಕ್ಯಾಶ್ ಮುಟ್ಟಿದೀನಿ ಪುಟ್ಟಿ. ಒಬ್ರೂ ನನ್ನ ಹಾಗೆ ನೋಡಿರ್ಲಿಲ್ಲ” ಅಂದರು.

“ಚಿಕ್ಕಪ್ಪ, ಆ ನಿಯಮ ಇದ್ದಿದ್ದಕ್ಕೇ ನೀವು ಸಾಚಾ ಅಂತ ಗೊತ್ತಾಗಿದ್ದು. ಇಲ್ದಿದ್ರೆ ಅವರು ರಾತ್ರಿಯೆಲ್ಲ ನಮ್ಮಿಬ್ರನ್ನ ಕಳ್ಳರು ಅಂತಲೇ ಅಂದ್ಕೊಂಡಿರ್ತಿದ್ರು” ಅಂದೆ.

“ಅದು ಸರಿ ಕಣೇ. ಆದ್ರೂ ಸೋತ ಮೇಲೆ ಬಿಚ್ಚಿ ತೋರಿಸು ಅಂದ್ರೆ ಹೊಟ್ಟೆಗೆ ಚುರ್ ಅನ್ನುತ್ತೆ. ರಮ್ಮೀಲಿ ಯಾವತ್ತೂ ಹಾಗನ್ಸಿಲ್ಲ ನೋಡು.”

ರಮ್ಮಿಯಲ್ಲಿ ಹಾಗನ್ನಿಸೋದಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ತೋರಿಸ್ತಾರೆ. ಒಬ್ಬರನ್ನೇ ಬೆರಳು ಮಾಡಿ ‘ನೀನು ತೋರಿಸು’ ಅಂದಾಗಲೇ ಚುಚ್ಚೋದು. ಪೋಕರ್ ಟೂರ್ನಮೆಂಟ್‌ನಲ್ಲೂ ಇದಕ್ಕೆ ಹೊಂದೋ ನಿಯಮ ಒಂದಿದೆ. ಯಾರಾದರೂ ತಮ್ಮೆಲ್ಲ ಚಿಪ್ಸ್ ಪಣಕ್ಕಿಟ್ಟು, ಇನ್ನು ಕಟ್ಟೋದು ಏರಿಸೋದು ಏನೂ ಬಾಕಿ ಇಲ್ಲ ಅಂದಾಗ, ಉಳಿದಿರೋ ಎಲ್ಲರೂ ಎಲೆ ಬಿಚ್ಚಿಡಲೇಬೇಕು. ಬೇಕಂತಲೇ ಸೋತು ಗೆಳೆಯರಿಗೆ ಚಿಪ್ಸ್ ದಾಟಿಸೋದು ಇದರಿಂದ ಕಷ್ಟವಾಗುತ್ತೆ. ಎಲ್ಲರಿಗೂ ಒಂದೇ ನಿಯಮ ಆದ್ದರಿಂದ ಯಾರಿಗೂ ಅವಮಾನ ಅನ್ನಿಸೋದಿಲ್ಲ.

ಆ ರಾತ್ರಿ ನನಗೆ ಅಕ್ಕ ನೆನಪಾದಳು. ಅವಳ ಮದುವೆ ಮುರಿದು ನಾಲ್ಕು ವರ್ಷವಾಯ್ತು. ಈಗಲೂ ಯಾವುದಾದರೂ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೋದರೆ ಊಟದ ಎಲೆ ಮುಂದೆ ಕೂತಿರುವಾಗಲೇ ಯಾರೋ ಒಬ್ಬರು, “ಅಲ್ಲಮ್ಮ, ನಿಜವಾಗ್ಲೂ ಏನಾಯ್ತು?” ಅಂತ ಕೇಳ್ತಾರೆ. ಅವಳು ಫಂಕ್ಷನ್‌ಗಳಿಗೆ ಹೋಗೋದನ್ನೇ ಬಿಟ್ಟಿದ್ದಾಳೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ.

“ಮನೆಯವರು ಕೇಳೋದೂ ಟೋಪಿಯವನು ಕೇಳೋದೂ ಒಂದೇನಾ? ನಾವು ಅವಳ ಕಷ್ಟಕ್ಕೆ ನಿಂತೋರು.”

ಅದೂ ನಿಜವೇ. ಅಕ್ಕ ವಾಪಸ್ ಬಂದಾಗ ರಾತ್ರಿ ಹನ್ನೊಂದು ಗಂಟೆಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಅವಳನ್ನು ಕರ್ಕೊಂಡು ಬಂದವರು ಚಿಕ್ಕಪ್ಪನೇ. ವಕೀಲರ ಫೀಸಿಗೆ ಅಪ್ಪನ ಜೊತೆ ದುಡ್ಡು ಹಾಕಿದವರೂ ಅವರೇ. ಹಾಗಾಗಿ ಪೋಕರ್ ಭಾಷೆಯಲ್ಲೇ ಹೇಳಿದೆ. “ನೀವು, ಅಪ್ಪ, ಅಮ್ಮ ಕೊನೇ ಸುತ್ತಿನವರೆಗೂ ದುಡ್ಡು ಹಾಕಿದೋರು ಚಿಕ್ಕಪ್ಪ. ನಿಮಗೆ ಕೇಳೋ ಹಕ್ಕಿದೆ. ಊಟದ ಸಾಲಲ್ಲಿ ಕೂತೋರು ಒಂದು ಚಿಪ್ಪೂ ಹಾಕಿಲ್ಲ.” ಚಿಕ್ಕಪ್ಪ ಮಜ್ಜಿಗೆ ಕುಡೀತಾ ಸುಮ್ಮನಿದ್ದರು. ಸ್ವಲ್ಪ ಹೊತ್ತಾದ ಮೇಲೆ, “ಹಕ್ಕಿದ್ರೂ ಒಂದ್ಸಲ ಕೇಳ್ಬಹುದು. ಪದೇ ಪದೇ ಕೇಳಿದ್ರೆ ಕಿತ್ಕೊಳ್ತಾರೆ ಅಂದ್ಯಲ್ಲ” ಅಂದರು. ಪಾಠ ಅವರು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಬದುಕು ಪೋಕರ್ ಅಲ್ಲ, ಅಕ್ಕ ಸೋತವಳೂ ಅಲ್ಲ. ಆದರೆ ಕೆಲಸ ಹೋದವರನ್ನು, ಸ್ಟಾರ್ಟಪ್ ಮುಚ್ಚಿದವರನ್ನು, ಪರೀಕ್ಷೆ ಬಿಟ್ಟವರನ್ನು ನಾವು ಎಷ್ಟು ಸುಲಭವಾಗಿ ‘ಏನಿತ್ತು, ಬಿಚ್ಚಿ ತೋರಿಸಿ’ ಅಂತೀವಿ ಅಂತ ಆಗಿನಿಂದ ಗಮನಿಸ್ತಾ ಇದೀನಿ. ಕೇಳೋಕೆ ಮುಂಚೆ ಎರಡು ವಿಷಯ ನೋಡ್ಕೋತೀನಿ. ನಾನು ಇದರಲ್ಲಿ ಏನಾದರೂ ಹಾಕಿದೀನಾ? ಇಲ್ಲಿ ಯಾರಿಗಾದರೂ ಅನ್ಯಾಯ ಆಗಿರಬಹುದು ಅನ್ನೋ ಅನುಮಾನ ಇದೆಯಾ? ಎರಡೂ ಇಲ್ಲ ಅಂದರೆ ಅದು ಬರೀ ಕುತೂಹಲ. ಕುತೂಹಲಕ್ಕೆ ಎಲೆ ತಿರುಗಿಸೋ ಹಾಗಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ವೀಕೆಂಡ್‌ಗೆ ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ ಬಸ್ ಹತ್ತಿ ಗೋವಾಕ್ಕೆ ಹೋಗ್ತೀರಿ, ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರೋ ಕ್ಯಾಸಿನೋ ಹಡಗು ಹತ್ತೋರೂ ಇದ್ದೀರಿ. ಪೋಕರ್ ಟೇಬಲ್‌ಗೆ ಕೂತರೆ ಇಷ್ಟು ನೆನಪಿರಲಿ. ಆ ಮನೆಯ ನಿಯಮ ಏನು ಅಂತ ಕೂರೋ ಮೊದಲೇ ಡೀಲರ್‌ನ ಕೇಳಿ, ಕೇಳೋದರಲ್ಲಿ ನಾಚಿಕೆ ಇಲ್ಲ. ಗೆದ್ದಿದ್ದೀರೋ ಸೋತಿದ್ದೀರೋ ಗೊತ್ತಾಗದಿದ್ದರೆ ಎರಡೂ ಎಲೆ ಮುಖ ಮೇಲೆ ಮಾಡಿ ಇಡಿ, ಡೀಲರ್ ಓದಲಿ. ದುಡ್ಡು ನಿಮ್ಮ ಕಡೆ ಬರೋವರೆಗೂ ಎಲೆ ಕೈಬಿಡಬೇಡಿ. ಪಕ್ಕದವರಿಗೆ ಎಲೆ ತೋರಿಸಿದರೆ ಟೇಬಲ್‌ನಲ್ಲಿ ಎಲ್ಲರಿಗೂ ತೋರಿಸಬೇಕಾಗುತ್ತೆ. ಆಟ ನಡೀತಿರುವಾಗ ನೀವು ಬಿಟ್ಟ ಎಲೆ ಏನು ಅಂತ ಹೇಳಬೇಡಿ. ಗೆಲ್ಲೋ ಎಲೆ ಕೈಯಲ್ಲಿಟ್ಟುಕೊಂಡು ಎದುರಿನವರು ಗೆದ್ದೆ ಅಂದುಕೊಳ್ಳೋವರೆಗೂ ಸತಾಯಿಸಿ ಆಮೇಲೆ ತೋರಿಸೋದಕ್ಕೆ ‘ಸ್ಲೋ ರೋಲ್’ ಅಂತಾರೆ. ನಿಯಮದಲ್ಲಿ ಅದಕ್ಕೆ ತಡೆ ಇಲ್ಲದಿದ್ದರೂ ಟೇಬಲ್‌ನಲ್ಲಿ ಅದಕ್ಕಿಂತ ಕೆಟ್ಟ ಹೆಸರು ಇನ್ನೊಂದಿಲ್ಲ. ಬೇರೆಯವರ ಎಲೆಗೆ ಕೈ ಹಾಕಿ ತಿರುಗಿಸೋದಂತೂ ಯಾವತ್ತೂ ಬೇಡ. ಎಲ್ಲಕ್ಕಿಂತ ಮುಖ್ಯ, ಕಳ್ಕೊಂಡರೂ ತಿಂಗಳ ಖರ್ಚಿಗೆ ತೊಂದರೆ ಆಗದಷ್ಟು ಮಾತ್ರ ಕವರ್‌ನಲ್ಲಿ ಹಾಕಿ ತಗೊಂಡು ಹೋಗಿ.

ಚಿಕ್ಕಪ್ಪ ಊರಿಗೆ ವಾಪಸ್ ಹೋದ ಮೇಲೆ ದೀಪಾವಳಿಗೆ ಮನೆಯಲ್ಲಿ ಎಲ್ಲರಿಗೂ ಪೋಕರ್ ಕಲಿಸಿದರಂತೆ. ಪಣಕ್ಕೆ ಹುಣಸೆ ಬೀಜ. ಅತ್ತೆ ಸೋತು ಎಲೆ ಮುಚ್ಚಿದಾಗ ಮಕ್ಕಳೆಲ್ಲ ಏನಿತ್ತು ಏನಿತ್ತು ಅಂತ ಮುಗಿಬಿದ್ದರಂತೆ. “ನೀವ್ಯಾರೂ ಬೀಜ ಹಾಕಿಲ್ಲ, ಸುಮ್ನಿರ್ರೋ” ಅಂತ ಚಿಕ್ಕಪ್ಪ ಗದರಿದರು ಅಂತ ಅಕ್ಕ ಫೋನಿನಲ್ಲಿ ಹೇಳಿ ನಕ್ಕಳು. ಅವತ್ತು ಅವಳೂ ಆಟಕ್ಕೆ ಕೂತಿದ್ದಳು.